ಜಪಾನಿಗೆ ಹೊರಟಿದ್ದೀರಾ? ಪಾಠ ಕನ್ನಡದಲ್ಲೇ ಬರೆದುಕೊಳ್ಳಿ

ಟಿಕೆಟ್ ಆಯ್ತು, ವೀಸಾ ಬಂತು, ಹೊರಡೋಕೆ ಇನ್ನೊಂದು ತಿಂಗಳಿದೆ. ಅಷ್ಟರಲ್ಲಿ ಜಪಾನೀಸ್ ಪೂರ್ತಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅಂಗಡಿ, ಹೋಟೆಲ್, ರೈಲಿನಲ್ಲಿ ಮಾತು ನಡೆದರೆ ಸಾಕು. ದಿನಕ್ಕೆ ಅರ್ಧ ಗಂಟೆ ಕೂತರೆ ಅಷ್ಟು ಆಗುತ್ತದೆ.

ಮೊದಲು ಒಂದು ನೋಟ್‌ಬುಕ್ ಇಡಿ. ಕಲಿತ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಬೇಡಿ, ಕನ್ನಡದಲ್ಲಿ ಬರೆಯಿರಿ. ಸುಮ್ನೆ ಅಭಿಮಾನಕ್ಕೆ ಹೇಳುತ್ತಿಲ್ಲ. ‘ಒಬಸನ್’ ಅಂದರೆ ಚಿಕ್ಕಮ್ಮ, ಅತ್ತೆ. ‘ಒಬಾಸನ್’ ಅಂದರೆ ಅಜ್ಜಿ. ಒಂದು ದೀರ್ಘ ತಪ್ಪಿದರೆ ನಲವತ್ತರ ಹೆಂಗಸನ್ನು ಅಜ್ಜಿ ಅಂದುಬಿಟ್ಟಿರುತ್ತೀರಿ. ‘ಕಿತೆ’ ಅಂದರೆ ಬಾ, ‘ಕಿತ್ತೆ’ ಅಂದರೆ ಅಂಚೆಚೀಟಿ. ಈ ಹ್ರಸ್ವ, ದೀರ್ಘ, ಒತ್ತು ಎಲ್ಲಾ ನಮ್ಮ ಕಾಗುಣಿತದಲ್ಲೇ ಇದೆ. ಉಚ್ಚಾರಣೆ ಕಿವಿಗೆ ಬೀಳಲು ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ವರ್ಲ್ಡ್‌ನ ಉಚಿತ ಪಾಠಗಳನ್ನು ಕೇಳಿ.

ವಾಕ್ಯ ಕಟ್ಟುವಾಗಲೂ ಇಂಗ್ಲಿಷನ್ನು ನಡುವೆ ತರಬೇಡಿ. ಜಪಾನೀಸಿನಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ. ‘ಕ್ಯೋತೊ ನಿ ಇಕಿಮಸ್’ ಅಂದರೆ ‘ಕ್ಯೋಟೋಗೆ ಹೋಗುತ್ತೇನೆ’. ‘ನಿ’ ನಮ್ಮ ‘ಗೆ’. ಕೊನೆಗೆ ‘ಕ’ ಸೇರಿಸಿ: ‘ಇಕಿಮಸ್ ಕ?’ ಹೋಗ್ತೀರಾ? ನಮ್ಮ ‘ಆ’ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ‘ಕೊರೆ’ ಅಂದರೆ ಇದು, ‘ಇಕುರ ದೆಸ್ ಕ’ ಅಂದರೆ ಎಷ್ಟು ಬೆಲೆ. ‘ಕೊರೆ ಒ ಕುದಸಯ್’ ಅಂದರೆ ‘ಇದನ್ನ ಕೊಡಿ’. ಬೆರಳು ತೋರಿಸಿ ಇಷ್ಟು ಹೇಳಿದರೆ ಅರ್ಧ ಜಪಾನ್ ಸುತ್ತಬಹುದು.

ಮೂರು ಲಿಪಿಗಳನ್ನು ಕಂಡು ಹೆದರಬೇಡಿ. ಸಮಯ ಕಡಿಮೆ ಇದ್ದರೆ ಅವುಗಳಲ್ಲಿ ಕತಕನ ಒಂದನ್ನೇ ಕಲಿಯಿರಿ ಅಂತ ನನ್ನ ಸಲಹೆ. ಮೂಲ ಅಕ್ಷರ 46. ಹೊರಗಿನಿಂದ ಬಂದ ಪದಗಳನ್ನು ಇದರಲ್ಲೇ ಬರೆಯುತ್ತಾರೆ, ಹಾಗಾಗಿ ಓದಿದರೆ ಅರ್ಥವೂ ಆಗುತ್ತದೆ: ಕೋಹೀ, ಹೊತೆರು, ತೊಇರೆ. ಕೊನೆಯದು ಟಾಯ್ಲೆಟ್, ಅದು ಗೊತ್ತಿರಲೇಬೇಕು ಅಲ್ವಾ! ಅಕ್ಷರಗಳ ಸಾಲು ಕ, ಸ, ತ, ನ, ಹ, ಮ, ಯ, ರ, ವ ಅಂತ ಹೋಗುತ್ತದೆ. ಬೌದ್ಧರ ಜತೆ ಅಲ್ಲಿಗೆ ಹೋದ ಸಂಸ್ಕೃತ ವರ್ಣಮಾಲೆಯ ನೆರಳು ಅದು.

ಆಮೇಲೆ ‘ಸುಮಿಮಸೆನ್’. ಕಾಲು ತುಳಿದರೆ ಕ್ಷಮೆಗೆ, ದಾರಿ ಬಿಡಿಸಿಕೊಳ್ಳಲು, ಸಪ್ಲೈಯರನ್ನು ಕರೆಯಲು, ಎಲ್ಲದಕ್ಕೂ ಇದೇ. ‘ಹೈ’ ಅಂದರು ಅಂತ ಒಪ್ಪಿದರು ಅಂದುಕೊಳ್ಳಬೇಡಿ. ಎಷ್ಟೋ ಸಲ ಅದು ನಾವು ಫೋನಲ್ಲಿ ಹಾಕುವ ‘ಹ್ಞೂಂ’ ಅಷ್ಟೇ. ‘ಚೊತ್ತೊ...’ ಎಂದು ರಾಗ ಎಳೆದರೆ ಆಗುವುದಿಲ್ಲ ಅಂತಲೇ ಲೆಕ್ಕ. ನಮ್ಮ ‘ನೋಡೋಣ’ದ ಹಾಗೆ. ಹೆಸರಿಗೆ ‘ಸನ್’ ಸೇರಿಸುವುದು ಬೇರೆಯವರಿಗೆ ಮಾತ್ರ. ‘ನಾನು ಸುರೇಶ್ ಅವರು’ ಅಂತ ಯಾರಾದರೂ ಹೇಳುತ್ತಾರೆಯೇ?

ಸಸ್ಯಾಹಾರಿಗಳು ಇಲ್ಲಿ ನಿಧಾನವಾಗಿ ಓದಿ. ಕ್ಯೋಟೋದ ಪುಟ್ಟ ಹೋಟೆಲೊಂದರಲ್ಲಿ ನಾನು ‘ನಿಕು’ ಬೇಡ ಅಂದೆ, ಮಾಂಸ ಬೇಡ ಅಂತ. ತಲೆಯಾಡಿಸಿ ಉದೊನ್ ಅನ್ನುವ ದಪ್ಪ ನೂಡಲ್ಸ್ ತಂದಿಟ್ಟರು. ಬಿಸಿ ಸಾರು, ಮೇಲೆ ಈರುಳ್ಳಿ ಸೊಪ್ಪು. ಎರಡು ಗುಟುಕು ಕುಡಿದ ಮೇಲೆ ಮೀನಿನ ವಾಸನೆ ಹತ್ತಿತು. ಅವರ ತಪ್ಪೇನಿಲ್ಲ. ನಿಕು ಅಂದಾಗ ಮೀನು ಅದರಲ್ಲಿ ಸೇರುವುದಿಲ್ಲ. ಅಲ್ಲಿನ ಸಾರಿನ ಬುಡವೇ ‘ದಶಿ’, ಬಹಳ ಕಡೆ ಅದನ್ನು ಒಣಗಿಸಿದ ಮೀನಿನ ಹೆರಕಲಿನಿಂದ ತೆಗೆಯುತ್ತಾರೆ. ಹುದುಗಿಸಿದ ಸೋಯಾದ ಮಿಸೊ ಸೂಪಿನಲ್ಲೂ ಇರುತ್ತದೆ. ಅದಕ್ಕೇ ಹೀಗೆ ಹೇಳಿ: ‘ನಿಕು ಮೊ ಸಕನ ಮೊ ತಬೆಮಸೆನ್. ಸಕನ ನೊ ದಶಿ ಮೊ ದಮೆ ದೆಸ್.’ ಮಾಂಸವೂ ಮೀನೂ ತಿನ್ನಲ್ಲ, ಮೀನಿನ ದಶಿಯೂ ಆಗಲ್ಲ. ‘ಮೊ’ ನಮ್ಮ ‘ಊ’, ‘ನೊ’ ನಮ್ಮ ‘ಇನ’. ಇದನ್ನು ಅಲ್ಲಿನ ಲಿಪಿಯಲ್ಲೂ ಬರೆಸಿ ಜೇಬಿನಲ್ಲಿಡಿ. ಬೌದ್ಧ ದೇವಾಲಯಗಳ ಅಡುಗೆಗೆ ‘ಶೋಜಿನ್ ರ್ಯೋರಿ’ ಅನ್ನುತ್ತಾರೆ, ಅದರಲ್ಲಿ ಮಾಂಸ, ಮೀನು ಹಾಕುವುದಿಲ್ಲ.

ಊಟಕ್ಕೆ ಮುಂಚೆ ‘ಇತದಕಿಮಸ್’, ಎದ್ದೇಳುವಾಗ ‘ಗೊಚಿಸೋಸಮ ದೆಶಿತ’. ಚಾಪ್‌ಸ್ಟಿಕ್ಕನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬೇಡಿ, ಸತ್ತವರಿಗೆ ಅನ್ನ ಇಡುವ ರೀತಿ ಅದು. ಕಡ್ಡಿಯಿಂದ ಕಡ್ಡಿಗೆ ತಿನಿಸು ದಾಟಿಸುವುದೂ ಬೇಡ. ಹೆಣ ಸುಟ್ಟ ಮೇಲೆ ಮೂಳೆ ಆರಿಸುವಾಗ ಹಾಗೆ ಮಾಡುತ್ತಾರೆ. ಟಿಪ್ಸ್ ಇಡಬೇಡಿ, ಮರೆತು ಹೋದಿರಿ ಅಂತ ಹಿಂದೆಯೇ ಓಡಿ ಬಂದಾರು.

ರೈಲಿನಲ್ಲಿ ಫೋನ್ ಸೈಲೆಂಟ್, ಅದರಲ್ಲಿ ಮಾತಂತೂ ಬೇಡ. ಎಸ್ಕಲೇಟರಿನಲ್ಲಿ ಟೋಕಿಯೊದವರು ಎಡಕ್ಕೆ ನಿಲ್ಲುತ್ತಾರೆ, ಒಸಾಕದವರು ಬಲಕ್ಕೆ. ಮುಂದಿನವರನ್ನು ನೋಡಿ ನಿಂತರಾಯಿತು. ಬಿಸಿನೀರಿನ ಬುಗ್ಗೆ ‘ಒನ್ಸೆನ್’ಗೆ ಹೋದರೆ ಮೊದಲು ಹೊರಗೆ ಸೋಪು ಹಚ್ಚಿ ಮೈ ತೊಳೆದು ಆಮೇಲೆ ಇಳಿಯಿರಿ. ಸಾಮಾನ್ಯವಾಗಿ ಮೈಮೇಲೆ ಬಟ್ಟೆ ಇರಕೂಡದು, ಸಂಕೋಚ ಆದರೆ ಬಿಟ್ಟುಬಿಡಿ.

ಚಪ್ಪಲಿ ಬಿಟ್ಟು ಒಳಗೆ ಹೋಗುವುದು ನಮಗೇನೂ ಹೊಸದಲ್ಲ. ಆದರೆ ಅಲ್ಲಿ ಟಾಯ್ಲೆಟ್ಟಿಗೇ ಬೇರೆ ಸ್ಲಿಪ್ಪರ್ ಇಟ್ಟಿರುತ್ತಾರೆ. ಅದನ್ನೇ ಹಾಕಿಕೊಂಡು ಈಚೆ ಬರಬೇಡಿ. ಚಾಪೆ ಹಾಸಿದ ‘ತತಮಿ’ ಕೋಣೆಗೆ ಯಾವ ಸ್ಲಿಪ್ಪರೂ ಇಲ್ಲ, ಬರೀ ಸಾಕ್ಸ್. ಸೂಟ್‌ಕೇಸ್ ಮುಚ್ಚುವ ಮುಂಚೆ ಹೆಬ್ಬೆರಳಿನ ಹತ್ತಿರ ತೂತು ಬಿದ್ದಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.