ರಟ್ಟಿನಲ್ಲಿ ಕಟ್ಟಿದ ಕಡಂಗ

ಮೇಜಿನ ಮೇಲೆ ಗುಡ್ಡ ಏರಿಸುವುದು ಸುಲಭ, ಕಂದಕ ತೋಡುವುದು ಕಷ್ಟ. ಮೇಜನ್ನು ಅಗೆಯಲು ಬರುವುದಿಲ್ಲವಲ್ಲ! ಕೊಡಗಿನ ನೆಲವನ್ನು ಯುದ್ಧದಾಟದ ಮೇಜಿಗೆ ತರಬೇಕೆಂದು ಹೊರಟ ನನಗೆ ಮೊದಲು ಎದುರಾದ ತೊಡಕು ಇದು. ಕಡಂಗವನ್ನು, ಅಂದರೆ ಹಿಂದಿನವರು ರಕ್ಷಣೆಗಾಗಿ ತೋಡಿದ ಕಂದಕವನ್ನು, ಬಿಟ್ಟು ಕೊಡಗನ್ನು ಕಟ್ಟಲು ನನಗೆ ಮನಸ್ಸು ಬರಲಿಲ್ಲ. ಬೆಟ್ಟದ ಇಳಿಜಾರಿನಲ್ಲಿ, ಕಾಡಿನೊಳಗೆ, ತೋಟದ ಅಂಚಿನಲ್ಲಿ ಸಾಗುವ ಆ ಹಳೆಯ ಕಂದಕಗಳನ್ನು ನೋಡುತ್ತಲೇ ನಾನು ಬೆಳೆದವನು. ವಿರಾಜಪೇಟೆಯ ಹತ್ತಿರ ಕಡಂಗ ಎಂಬ ಹೆಸರಿನ ಊರೇ ಇದೆ.

ನಾವು ಆಡುವ ಆಟದಲ್ಲಿ ಸೈನಿಕ ಬೊಂಬೆಗಳು ಸುಮಾರು 28 ಮಿ.ಮೀ. ಎತ್ತರ ಇರುತ್ತವೆ. ಮೇಜು 6 ಅಡಿ ಉದ್ದ, 4 ಅಡಿ ಅಗಲ. ನಡೆಯನ್ನು ಟೇಪು ಹಿಡಿದು ಅಳೆಯುತ್ತೇವೆ, ಗುಂಡು ತಗುಲಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಯಾರು ಯಾರಿಗೆ ಕಾಣುತ್ತಾರೆ, ಯಾರು ಮರೆಯಲ್ಲಿದ್ದಾರೆ ಎನ್ನುವುದರ ಮೇಲೆ ಇಡೀ ಆಟ ನಿಂತಿದೆ. ಹಾಗಾಗಿ ನೆಲ ಬದಲಾದರೆ ಆಟವೇ ಬದಲಾಗುತ್ತದೆ. ಕೊಳ್ಳಲು ಸಿಗುವ ಮನೆ, ಗೋಡೆ, ಬೇಲಿಗಳೆಲ್ಲ ಯುರೋಪಿನ ಹಳ್ಳಿಗಳವು, ಬೆಲೆಯೂ ಹೆಚ್ಚು. 1834ರಲ್ಲಿ ಬ್ರಿಟಿಷರ ದಂಡು ಏರಿ ಬಂದ ನೆಲವನ್ನು ಅವುಗಳಿಂದ ತೋರಿಸಲು ಸಾಧ್ಯವೇ ಇರಲಿಲ್ಲ.

ಸಾಮಗ್ರಿಗೆ ನಾನು ಹೋದದ್ದು ಮಡಿಕೇರಿಯ ಒಂದು ಫ್ರಿಜ್ ಅಂಗಡಿಗೆ. ಹಿಂಬದಿಯಲ್ಲಿ ಥರ್ಮಾಕೋಲ್ ರಾಶಿ ಬಿದ್ದಿತ್ತು. ಅಂಗಡಿಯವರು, “ಎಷ್ಟು ಬೇಕಾದರೂ ತೆಗೆದುಕೊಳ್ಳಿ ಅಣ್ಣಾ, ಮಳೆ ಹಿಡಿಯುವುದಕ್ಕೆ ಮುಂಚೆ ಬನ್ನಿ, ಆಮೇಲೆ ಇಡಲು ಜಾಗ ಇರುವುದಿಲ್ಲ” ಎಂದರು. ಉಳಿದದ್ದೆಲ್ಲ ಮನೆಯಲ್ಲೇ ಇತ್ತು: ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ, ಮೊಟ್ಟೆಯ ಟ್ರೇ, ಹರಿದ ಗೋಣಿಚೀಲ.

ಕಂದಕದ ತೊಡಕಿಗೆ ದಾರಿ ಒಂದೇ. ಕಂದಕ ಬಿಟ್ಟು ಉಳಿದ ನೆಲವನ್ನೆಲ್ಲ ಎತ್ತರಿಸಬೇಕು. 2 ಅಡಿ ಚೌಕದ ಆರು ಹಲಗೆ ಮಾಡಿದೆ. ತಳಕ್ಕೆ ಎರಡು ಪದರ ರಟ್ಟು, ಮೇಲೆ 5 ಸೆಂ.ಮೀ. ದಪ್ಪದ ಥರ್ಮಾಕೋಲ್. ಅದರಲ್ಲಿ ಕಡಂಗದ ದಾರಿಯನ್ನು ಕತ್ತರಿಸಿ ತೆಗೆದರೆ ತಳದ ರಟ್ಟೇ ಕಂದಕದ ಪಾತಳಿ. ಪ್ರತಿ ಹಲಗೆಯ ಅಂಚಿನಲ್ಲೂ ಕಂದಕ ನಟ್ಟನಡುವೆ, ಒಂದೇ ಅಗಲದಲ್ಲಿ ಹೊರಬೀಳುವಂತೆ ನೋಡಿಕೊಂಡೆ. ಹೀಗೆ ಮಾಡಿದರೆ ಹಲಗೆಗಳನ್ನು ಹೇಗೆ ತಿರುಗಿಸಿ ಜೋಡಿಸಿದರೂ ಕಂದಕ ಕೂಡಿಕೊಳ್ಳುತ್ತದೆ. ಈ ಉಪಾಯ ಹೊಸದಲ್ಲ. 1812ರಲ್ಲಿ ಪ್ರಷ್ಯದ ರೈಸ್‌ವಿಟ್ಸ್ ತನ್ನ ರಾಜನಿಗೆ ಒಪ್ಪಿಸಿದ ಯುದ್ಧದಾಟದ ಮೇಜೂ ಚೌಕ ತುಂಡುಗಳನ್ನು ಜೋಡಿಸಿ ನೆಲ ಮಾಡುವಂಥದ್ದೇ ಆಗಿತ್ತು.

ಅಳತೆಯಲ್ಲಿ ನಾನು ರಾಜಿ ಮಾಡಿಕೊಂಡಿದ್ದೇನೆ. ನಮ್ಮ ಬೊಂಬೆಗಳ ಲೆಕ್ಕದಲ್ಲಿ ನಿಜದ 56 ಸೆಂ.ಮೀ. ಮೇಜಿನ ಮೇಲೆ 1 ಸೆಂ.ಮೀ. ಆಗುತ್ತದೆ. 20 ಅಡಿ ಆಳದ ಕಡಂಗಕ್ಕೆ ಸುಮಾರು 11 ಸೆಂ.ಮೀ. ಬೇಕು. ಅಷ್ಟು ಆಳಕ್ಕೆ ಕೈ ಹಾಕಿ ಬೊಂಬೆ ಸರಿಸುವಾಗ ಅಂಗಿಯ ತೋಳು ತಾಗಿ ಮೇಲಿನ ಸಾಲು ಉರುಳುತ್ತದೆ. 5 ಸೆಂ.ಮೀ. ಸಾಕು, ನಿಂತ ಬೊಂಬೆ ಪೂರ್ತಿ ಮುಚ್ಚಿಹೋಗುತ್ತದೆ. ಪಾತಳಿಯ ಅಗಲ ಮಾತ್ರ 6 ಸೆಂ.ಮೀ.ಗಿಂತ ಕಡಿಮೆ ಆಗಬಾರದು. 25 ಮಿ.ಮೀ. ಪೀಠದ ಎರಡು ಬೊಂಬೆಗಳು ಅಕ್ಕಪಕ್ಕ ನಿಲ್ಲಬೇಕು. ಬದಿಗಳನ್ನು ಇಳಿಜಾರಾಗಿ ಬಿಟ್ಟಾಗ ಬೊಂಬೆ ಜಾರುತ್ತಿತ್ತು. ಗದ್ದೆಯ ಮೆಟ್ಟಿಲಿನಂತೆ ಅಲ್ಲಲ್ಲಿ ಸಣ್ಣ ಕಟ್ಟೆ ಕೊರೆದ ಮೇಲೆ ನಿಂತವು.

ಮೊದಲ ಹಲಗೆ ಪೂರ್ತಿ ಹಾಳಾಯಿತು. ಸ್ಪ್ರೇ ಬಣ್ಣ ಹೊಡೆದೆ. ಅದರ ದ್ರಾವಕ ಥರ್ಮಾಕೋಲನ್ನು ಕರಗಿಸಿ ಗುಳಿಗುಳಿ ಮಾಡಿತು. ಈಗ ಮೊದಲು ಫೆವಿಕಾಲ್ ಮತ್ತು ನೀರು ಬೆರೆಸಿ ಎರಡು ಸಲ ಬಳಿಯುತ್ತೇನೆ, ಒಣಗಿದ ಮೇಲೆ ನೀರಿನ ಬಣ್ಣವನ್ನು ಕುಂಚದಿಂದಲೇ ಹಚ್ಚುತ್ತೇನೆ.

ನಮ್ಮ ಊರಿನ ಮಳೆಗಾಲ ಕಲಿಸಿದ್ದು ಇನ್ನೂ ಹೆಚ್ಚು. ಒಂದೇ ಬದಿಗೆ ಅಂಟು ಹಚ್ಚಿದ ರಟ್ಟು ಒಣಗುವಾಗ ಆ ಬದಿಗೆ ಸೆಳೆದು ದೋಣಿಯಂತೆ ಬಾಗುತ್ತದೆ. ಅದಕ್ಕೆ ಎರಡು ಪದರಗಳ ಒಳಗಿನ ಅಲೆಗಳು ಒಂದಕ್ಕೊಂದು ಅಡ್ಡಡ್ಡವಾಗಿ ಬರುವಂತೆ ಅಂಟಿಸಬೇಕು, ಅಡಿಭಾಗಕ್ಕೂ ಮೇಲ್ಭಾಗದಷ್ಟೇ ಬಣ್ಣ ಬಳಿಯಬೇಕು, ಪುಸ್ತಕದ ಭಾರ ಹೇರಿ ಎರಡು ದಿನ ಬಿಡಬೇಕು. ಮಣ್ಣಿನ ಬದಲು ಕಾಫಿ ಚರಟ ಉದುರಿಸಿದ್ದೆ. ಬಣ್ಣ ಎಷ್ಟು ಚೆನ್ನಾಗಿತ್ತು! ಜುಲೈ ಹೊತ್ತಿಗೆ ಇಡೀ ಹಲಗೆಗೆ ಬಿಳಿ ಬೂಷ್ಟು ಹಿಡಿಯಿತು. ಚರಟವನ್ನು ಬಾಣಲೆಯಲ್ಲಿ ಪೂರ್ತಿ ಒಣಗುವವರೆಗೆ ಹುರಿದು ಆಮೇಲೆ ಬಳಸಬಹುದು, ಆದರೆ ನನಗೆ ಧೈರ್ಯ ಉಳಿಯಲಿಲ್ಲ. ಈಗ ಅಂಗಳದ ಕೆಂಪು ಮಣ್ಣನ್ನೇ ಜರಡಿ ಹಿಡಿದು, ಹುರಿದು ಹಾಕುತ್ತೇನೆ. ಅದಕ್ಕೆ ಬಣ್ಣವೂ ಬೇಡ. ಬಳಿಯುವುದು, ಅಂಟಿಸುವುದು ಎಲ್ಲವನ್ನೂ ಕಾಫಿ ಒಣಗಿಸುವ ತಿಂಗಳುಗಳಲ್ಲಿ, ಕಣದ ಬಿಸಿಲಿನಲ್ಲೇ ಮುಗಿಸಿಬಿಡುತ್ತೇನೆ.

ಮನೆಯ ವಿಷಯದಲ್ಲಿ ನಾನು ತಪ್ಪು ಮಾಡಿದ್ದು ಇತಿಹಾಸದಲ್ಲಿ. ಸಣ್ಣ ಪೆಟ್ಟಿಗೆಯ ರಟ್ಟಿನ ಮೇಲ್ಪದರವನ್ನು ಒದ್ದೆ ಮಾಡಿ ಸುಲಿದರೆ ಒಳಗಿನ ಅಲೆ ಕಾಣುತ್ತದೆ, ಥೇಟ್ ಹೆಂಚಿನ ಸಾಲು. ಆ ಮಾಡು ಹೊದಿಸಿ ಐನ್‌ಮನೆಯೊಂದನ್ನು, ಅಂದರೆ ಕೊಡವರ ಕುಟುಂಬದ ಮೂಲಮನೆಯನ್ನು, ಮುಗಿಸಿದೆ. ಆಮೇಲೆ ಹೊಳೆಯಿತು: ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ, ನನ್ನ ಮೇಜಿನ ಕಾಲ 1834! ಮಾಡನ್ನು ಕಿತ್ತು, ಗೋಣಿಯ ನಾರನ್ನು ಬಿಡಿಸಿ, ಬೆರಳುದ್ದ ಕತ್ತರಿಸಿ, ಕೆಳಗಿನಿಂದ ಮೇಲಕ್ಕೆ ಸಾಲಾಗಿ ಅಂಟಿಸಿ ಹುಲ್ಲಿನ ಮಾಡು ಹೊದಿಸಿದೆ. ಮಾಡಿಟ್ಟಿದ್ದ ಸಿಲ್ವರ್ ಓಕ್ ಸಾಲನ್ನೂ ತೆಗೆದೆ, ಆ ಮರ ನಮ್ಮಲ್ಲಿಗೆ ಬಂದದ್ದೂ ಆಮೇಲೆಯೇ, ಕಾಫಿ ತೋಟಗಳ ನೆರಳಿಗಾಗಿ. ಮನೆಯ ಜಗಲಿಗೆ ಮೊಟ್ಟೆ ಟ್ರೇಯ ಚೂರುಗಳು ಕಲ್ಲಾದವು. ಆ ಒರಟು ಮೈ ಬೇರೆ ಯಾವ ರಟ್ಟಿಗೂ ಇಲ್ಲ.

ಆರೂ ಹಲಗೆ ಜೋಡಿಸಿದ ದಿನ ಮಾವ ಬಂದಿದ್ದರು. ಆಟ ಅವರಿಗೆ ಗೊತ್ತಿಲ್ಲ. ಸುತ್ತಲೂ ನಡೆದು ನೋಡಿ, “ಮಣ್ಣನ್ನು ಎರಡೂ ಕಡೆ ಯಾಕೆ ಹಾಕಿದ್ದೀಯಪ್ಪಾ? ನಮ್ಮ ತೋಟದ ಅಂಚಿನದನ್ನು ನೋಡು, ದಿಬ್ಬ ಒಂದೇ ಕಡೆ ಇದೆ” ಎಂದರು. ಮರುದಿನ ಟೇಪು ಹಿಡಿದು ಹೋಗಿ ನೋಡಿದೆ. ಅವರು ಹೇಳಿದಂತೆಯೇ ಇತ್ತು. ತೋಡಿದ ಮಣ್ಣನ್ನೆಲ್ಲ ಒಳಬದಿಗೆ ಏರಿಸಿದ್ದರು, ಹೊರಬದಿ ಬೋಳು.

ಎಲ್ಲ ಹಲಗೆಗಳಲ್ಲೂ ಒಂದು ಬದಿಯ ದಿಬ್ಬವನ್ನು ಕೊರೆದು ತೆಗೆದೆ, ಇನ್ನೊಂದು ಬದಿಯದನ್ನು ರಟ್ಟಿನ ಪಟ್ಟಿಗಳಿಂದ ಎರಡು ಸೆಂ.ಮೀ. ಎತ್ತರಿಸಿದೆ. ಮುಂದಿನ ಭಾನುವಾರ ಗೋಣಿಕೊಪ್ಪದ ಗೆಳೆಯ ಇಪ್ಪತ್ತನಾಲ್ಕು ಸಿಪಾಯಿಗಳನ್ನು ತಂದ. ನನ್ನ ಕಡೆ ಹತ್ತೇ ಕೋವಿಯವರು, ದಿಬ್ಬದ ಹಿಂದೆ. ಅವನ ಸಾಲು ಬೋಳು ಅಂಚಿಗೆ ಬಂದು ಕಂದಕಕ್ಕೆ ಇಳಿಯಿತು. ಇಳಿದವರಿಗೆ ನಾವು ಕಾಣಲಿಲ್ಲ, ಮೇಲಿನಿಂದ ನಮಗೆ ಅವರೆಲ್ಲರೂ ಕಂಡರು. ಅವನು ಟೇಪನ್ನು ಕೆಳಗಿಟ್ಟು ಬಗ್ಗಿ, ಬೊಂಬೆಯ ಕಣ್ಣಿನ ಮಟ್ಟದಿಂದ ಆ ದಿಬ್ಬವನ್ನು ಬಹಳ ಹೊತ್ತು ನೋಡುತ್ತಾ ಕುಳಿತ.