ಒಂದೇ ಬಿಲ್ಲು, ಎರಡು ಕಾಲಂ

ನಮ್ಮ ಮನೆಯಲ್ಲಿ ಖರ್ಚಿನ ಲೆಕ್ಕ ಬರೆಯುವುದು ನಾನು. ಅಗತ್ಯ ಯಾವುದು, ಆಸೆ ಯಾವುದು ಅಂತ ಬೇರೆ ಮಾಡಲು ಸಾಮಾನ್ಯವಾಗಿ ಎಲ್ಲರೂ ಎರಡು ಪಟ್ಟಿ ಮಾಡುತ್ತಾರೆ. ಬಾಡಿಗೆ, ದಿನಸಿ, ಕರೆಂಟು, ಔಷಧಿ ಒಂದು ಕಡೆ. ಸಿನಿಮಾ, ಪ್ರವಾಸ, ಅಲಂಕಾರದ ಸಾಮಾನು ಇನ್ನೊಂದು ಕಡೆ. ನಾನು ಹಾಗೆ ಬರೆಯುವುದಿಲ್ಲ. ಆಸೆಗಳು ಎರಡನೇ ಪಟ್ಟಿಯಲ್ಲಿ ಮಾತ್ರ ಇರುವುದಿಲ್ಲ, ಮೊದಲನೇ ಪಟ್ಟಿಯ ಒಳಗೂ ಸೇರಿಕೊಂಡಿರುತ್ತವೆ. ಮನೆ ಅಗತ್ಯ, ನಿಜ. ಆದರೆ ಖಾಲಿ ಬಿದ್ದಿರುವ ಇನ್ನೊಂದು ಕೋಣೆ? ಬಟ್ಟೆ ಅಗತ್ಯ. ಅದರ ಮೇಲಿನ ಹೆಸರು?

ಹಾಗಾಗಿ ನನ್ನ ಪುಸ್ತಕದಲ್ಲಿ ಒಂದೇ ಖರ್ಚಿಗೆ ಎರಡು ಕಾಲಂ. ಕೆಲಸಕ್ಕೆ ಸಾಕಾಗುವ ವಸ್ತುವಿನ ಬೆಲೆ ಮೊದಲನೆಯದರಲ್ಲಿ. ಅದಕ್ಕಿಂತ ಜಾಸ್ತಿ ಕೊಟ್ಟದ್ದೆಲ್ಲ ಎರಡನೆಯದರಲ್ಲಿ.

ಮಗಳಿಗೆ ಫೋನು ತೆಗೆದುಕೊಂಡಾಗ ಇದನ್ನೇ ಮಾಡಿದೆವು. ಅವಳ ಹಳೇ ಫೋನಿನಲ್ಲಿ ಚಾರ್ಜ್ ನಿಲ್ಲುತ್ತಿರಲಿಲ್ಲ, ಪರದೆಯ ಒಂದು ಮೂಲೆ ಒತ್ತಿದರೂ ಕೆಲಸ ಮಾಡುತ್ತಿರಲಿಲ್ಲ. ಬದಲಿಸಲೇಬೇಕಿತ್ತು. ಅಂಗಡಿಗೆ ಹೋಗುವ ಮೊದಲು ಇಬ್ಬರೂ ಕೂತು, ಫೋನಿನಿಂದ ಅವಳಿಗೆ ಏನೇನು ಆಗಬೇಕು ಅಂತ ಬರೆದೆವು. ಕರೆ, ಪಾಠದ ವಿಡಿಯೊ, ಬ್ಯಾಂಕಿನ ಒಟಿಪಿ, ದಾರಿ ನೋಡಲು ಮ್ಯಾಪು. ಜೊತೆಗೆ ಕೆಲವು ವರ್ಷವಾದರೂ ಸುರಕ್ಷತೆಯ ಅಪ್‌ಡೇಟು ಬರಬೇಕು. ಇಷ್ಟನ್ನು ಮಾಡುವ ಫೋನುಗಳಲ್ಲಿ ಕಡಿಮೆ ಬೆಲೆಯದ್ದು ಹುಡುಕಿ ಮೊದಲ ಕಾಲಂನಲ್ಲಿ ಬರೆದೆ. ಅವಳು ಇಷ್ಟಪಟ್ಟದ್ದು ಅದರ ಎರಡರಷ್ಟು ಬೆಲೆಯದ್ದು. "ಇದರ ಕ್ಯಾಮೆರಾ ನೋಡಮ್ಮ" ಅಂದಳು. ಕ್ಯಾಮೆರಾ ನಿಜವಾಗಲೂ ಚೆನ್ನಾಗಿತ್ತು. ಬೇಡ ಅಂತ ನಾನು ಹೇಳಲಿಲ್ಲ, ಮಿಕ್ಕ ಮೊತ್ತವನ್ನು ಎರಡನೇ ಕಾಲಂನಲ್ಲಿ ಬರೆದು ಪುಸ್ತಕ ಅವಳ ಮುಂದಿಟ್ಟೆ. ಸ್ವಲ್ಪ ಹೊತ್ತು ನೋಡಿದಳು. ಕೊನೆಗೆ ಎರಡರ ಮಧ್ಯದ್ದೊಂದನ್ನು ಆರಿಸಿ, ಹೆಚ್ಚಿನ ದುಡ್ಡಿಗೆ ತನ್ನ ಕೈಖರ್ಚಿನಿಂದಲೇ ಕೊಟ್ಟಳು. ಜಗಳ ಇಲ್ಲ, ಉಪದೇಶ ಇಲ್ಲ.

ಎರಡನೇ ಕಾಲಂ ಅಂದರೆ ತಪ್ಪಿನ ಕಾಲಂ ಅಲ್ಲ. ಮನೆಯ ಪ್ರತಿಯೊಬ್ಬರಿಗೂ ಅದರಲ್ಲಿ ಪಾಲಿದೆ. ಆ ಪಾಲಿನ ದುಡ್ಡನ್ನು ಯಾರು ಏನಕ್ಕೆ ಖರ್ಚು ಮಾಡಿದರು ಅಂತ ನಾನು ಕೇಳುವುದಿಲ್ಲ. ಪ್ರತಿ ಸಣ್ಣ ಆಸೆಗೂ ಕಾರಣ ಹೇಳಬೇಕಾದ ಮನೆಯಲ್ಲಿ ಜನ ಖರ್ಚನ್ನು ಬಚ್ಚಿಡಲು ಶುರು ಮಾಡುತ್ತಾರೆ. ಆಮೇಲೆ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಅಗತ್ಯಕ್ಕೆ ಶೇ 50, ಆಸೆಗೆ ಶೇ 30, ಉಳಿತಾಯಕ್ಕೆ ಶೇ 20 ಅನ್ನುವ ಸೂತ್ರವನ್ನು ನೀವು ಕೇಳಿರುತ್ತೀರಿ. ಅಳತೆಗೆ ಇಟ್ಟುಕೊಳ್ಳಲು ಒಳ್ಳೆಯದೇ. ಆದರೆ ಬಾಡಿಗೆಗೇ ಅರ್ಧ ಸಂಬಳ ಹೋಗುವವರಿಗೆ ಅದು ಹೊಂದುವುದಿಲ್ಲ, ಅದಕ್ಕಾಗಿ ಅವರು ಬೇಸರ ಪಟ್ಟುಕೊಳ್ಳಬೇಕಾಗಿಯೂ ಇಲ್ಲ.

ನಾನು ತುಂಬಾ ಹುಷಾರಾಗಿ ನೋಡುವುದು ಕಂತನ್ನು. ಸುಮ್ನೆ ಆಸೆಗೆ ಕಂತಿನ ಮೇಲೆ ಒಂದು ವಸ್ತು ತಂದರೆ, ಮುಂದಿನ ತಿಂಗಳಿಂದ ಅದರ ಕಂತು ಅಗತ್ಯ ಆಗಿಬಿಡುತ್ತದೆ. ಕಟ್ಟದಿದ್ದರೆ ದಂಡ, ಬಡ್ಡಿ. ವಸ್ತು ಬೇಸರ ಬಂದರೂ ಕಂತು ಬಿಡುವುದಿಲ್ಲ ಅಲ್ವಾ? ತಿಂಗಳಿಗೆ ಶೇ 3 ಬಡ್ಡಿ ಅಂದರೆ ಕಡಿಮೆ ಅನ್ನಿಸುತ್ತದೆ. ಬಡ್ಡಿಗೆ ಬಡ್ಡಿ ಸೇರಿದರೆ ಅದೇ ವರ್ಷಕ್ಕೆ ಶೇ 42 ದಾಟುತ್ತದೆ. ತಿಂಗಳ ಚಂದಾಗಳನ್ನೂ ನಾನು 12ರಿಂದ ಗುಣಿಸಿಯೇ ಬರೆಯುವುದು.

ಆಸೆಗಳು ಬಾಯಿಬಿಟ್ಟು ಕೇಳುತ್ತವೆ, ಅವಕ್ಕೆ ಜಾಹೀರಾತಿನ ಬೆಂಬಲವೂ ಇದೆ. ಕೆಲವು ಅಗತ್ಯಗಳು ಕೇಳುವುದೇ ಇಲ್ಲ. ಆಗಾಗ ನೋಯುವ ಹಲ್ಲು, ಸವೆದ ಟೈರು, ಸೋರುವ ನಲ್ಲಿ, ಬದಲಿಸಬೇಕಾದ ಕನ್ನಡಕ. ಮನೆಯ ಹಿರಿಯರಂತೂ ತಮಗೆ ಏನು ಬೇಕೆಂದು ಹೇಳುವುದೇ ಕಡಿಮೆ. ಅದಕ್ಕೆ ತಿಂಗಳ ಮೊದಲ ವಾರ ನಾನೇ ಒಬ್ಬೊಬ್ಬರನ್ನೂ ಕೇಳುತ್ತೇನೆ: ಯಾವುದನ್ನು ಮುಂದೂಡುತ್ತಿದ್ದೀರಿ? ಬರುವ ಉತ್ತರ ಮೊದಲ ಕಾಲಂಗೆ ಹೋಗುತ್ತದೆ. ಖರ್ಚು ಕಡಿಮೆ ಮಾಡುತ್ತೇವೆ ಅಂತ ಇವನ್ನು ಬಿಟ್ಟರೆ ಹಲ್ಲು ತುಂಬಿಸುವ ಖರ್ಚು ಹೋಗಿ ಹಲ್ಲು ಕೀಳಿಸುವ ಖರ್ಚು ಬರುತ್ತದೆ.

ಒಂದು ಬಾಬ್ತು ಮಾತ್ರ ಎರಡೂ ಕಾಲಂಗೆ ಕೂರುತ್ತಿರಲಿಲ್ಲ. ನನ್ನ ಗಂಡ ಸಂಗೀತ ಕಲಿಯುತ್ತಾರೆ. ಅದರ ಶುಲ್ಕ ನಿಲ್ಲಿಸಿದರೆ ಸಂಸಾರವೇನೂ ನಿಲ್ಲುವುದಿಲ್ಲ. ಆದರೂ ಅದನ್ನು ಬರೀ ಆಸೆ ಅನ್ನಲು ನನಗೆ ಮನಸ್ಸು ಬರಲಿಲ್ಲ. ಕೆಲಸ ಮುಗಿಸಿ ಸುಸ್ತಾಗಿ ಬಂದವರು ಅಭ್ಯಾಸ ಮಾಡಿ ಎದ್ದಾಗ ಹೇಗಿರುತ್ತಾರೆ ಅಂತ ನಾನು ನೋಡಿದ್ದೇನೆ. ಜಪಾನಿನಲ್ಲಿ ಮನೆಲೆಕ್ಕದ ಪುಸ್ತಕಕ್ಕೆ ಕಕೇಬೊ ಅನ್ನುತ್ತಾರೆ. 1904ರಲ್ಲಿ ಅದನ್ನು ಗೃಹಿಣಿಯರಿಗಾಗಿ ರೂಪಿಸಿದವರು ಹಾನಿ ಮೊಟೊಕೊ ಎಂಬ ಪತ್ರಕರ್ತೆ. ಇಂದು ಬಳಕೆಯಲ್ಲಿರುವ ಕಕೇಬೊದಲ್ಲಿ ಅಗತ್ಯ, ಆಸೆ, ಅನಿರೀಕ್ಷಿತ ಖರ್ಚು, ಇವುಗಳ ಜೊತೆ ಓದು-ಕಲೆಗೆ ಅಂತಲೇ ಬೇರೆ ವಿಭಾಗ ಇರುತ್ತದೆ. ನಾನೂ ಒಂದು ಗೆರೆ ಎಳೆದು ಮೂರನೇ ಕಾಲಂ ಮಾಡಿಕೊಂಡೆ. ಈಗ ಸಂಗೀತದ ಶುಲ್ಕ, ಮಗಳ ಪುಸ್ತಕಗಳು ಎರಡೂ ಅಲ್ಲಿವೆ.