ಅಪ್ಪ-ಅಮ್ಮನಿಗೆ ಅನಾಪೊಲಿಸ್ ತೋರಿಸಿದ್ದು: ಮೂರನೇ ಸಲ ಸರಿಹೋಯ್ತು

"ವಯಸ್ಸಾದವರನ್ನು ಅನಾಪೊಲಿಸ್‌ಗೆ ಕರ್ಕೊಂಡು ಹೋಗ್ತೀಯಾ? ಸುಮ್ನೆ ನಡೆಸಿ ಸುಸ್ತು ಮಾಡ್ತೀಯ. ನಯಾಗರಾ ತೋರಿಸು, ಸಾಕು." ಯುಗಾದಿ ಊಟದಲ್ಲಿ ಗೆಳೆಯರೆಲ್ಲ ಹೇಳಿದ್ದು ಇದನ್ನೇ. ಅನಾಪೊಲಿಸ್ ಅಂದರೆ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ರಾಜಧಾನಿ. ಎರಡು ಸಲ ಅವರ ಮಾತೇ ನಿಜವಾಯ್ತು. ಮೂರನೇ ಸಲ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕರವರೆಗೆ ಸುತ್ತಿದೆವು. ಅಪ್ಪನಿಗೆ 76, ಅಮ್ಮನಿಗೆ 71. ಇಬ್ಬರೂ ಒಮ್ಮೆಯೂ "ಇನ್ನೆಷ್ಟು ದೂರ" ಅಂತ ಕೇಳಲಿಲ್ಲ. ಅದಕ್ಕೇ ಬರೀತಿದ್ದೇನೆ.

ಮೊದಲ ಸಲ ಹೋಗಿದ್ದು ಜುಲೈ ತಿಂಗಳ ಶನಿವಾರ. ಎಲ್ಲರ ಹಾಗೆ ನಾನೂ ಸೀದಾ ಕೆಳಗೆ, ನೀರಿನಂಚಿನ ದೋಣಿಕಟ್ಟೆ ಸಿಟಿ ಡಾಕ್‌ಗೆ ಕಾರು ಓಡಿಸಿದೆ. ಜಾಗ ಹುಡುಕುವುದರಲ್ಲೇ ಮುಕ್ಕಾಲು ಗಂಟೆ ಹೋಯ್ತು. ಆಮೇಲೆ ಮೇನ್ ಸ್ಟ್ರೀಟ್ ಹತ್ತಬೇಕು. ನೋಡಲು ಸಣ್ಣ ಏರು, ಆದರೆ ಸೆಕೆ, ಉಬ್ಬುತಗ್ಗಿನ ಇಟ್ಟಿಗೆಯ ಕಾಲುದಾರಿ. ಅರ್ಧ ದಾರಿಯಲ್ಲಿ ಅಮ್ಮ ಒಂದು ಅಂಗಡಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಮೇಲಿರುವ ಸ್ಟೇಟ್ ಹೌಸ್, ಅಂದರೆ ರಾಜ್ಯದ ಶಾಸನಸಭೆಯ ಕಟ್ಟಡ, ನೋಡದೆಯೇ ವಾಪಸ್ ಬಂದೆವು. ಊಟಕ್ಕೆ ಎಲ್ಲಿ ನೋಡಿದರೂ ಏಡಿ. ಚೆಸಪೀಕ್ ಕೊಲ್ಲಿಯ ಊರು, ಮತ್ತೇನು ಸಿಗುತ್ತೆ? ಪಾರ್ಕಿಂಗ್, ದೋಣಿ ವಿಹಾರ, ಅಪ್ಪ-ಅಮ್ಮ ತಿಂದ ಆಲೂ ಫ್ರೈಸ್ ಎಲ್ಲ ಸೇರಿ ಹತ್ತಿರ ಹತ್ತಿರ 190 ಡಾಲರ್.

ಎರಡನೇ ಸಲ ತಂಪು ಇರಲಿ ಅಂತ ಅಕ್ಟೋಬರ್ ಆರಿಸಿದೆ. ಆ ತಿಂಗಳು ಅಲ್ಲಿ ದೋಣಿಗಳ ದೊಡ್ಡ ಮೇಳ ನಡೆಯುತ್ತೆ ಅನ್ನೋದು ನೆನಪಿರಲಿಲ್ಲ. ಡಾಕ್ ಪೂರ್ತಿ ಜಾತ್ರೆ. ಸರಿ, ನೌಕಾಪಡೆ ಅಧಿಕಾರಿಗಳನ್ನು ತಯಾರು ಮಾಡುವ ನೇವಲ್ ಅಕಾಡೆಮಿಯನ್ನಾದರೂ ನೋಡೋಣ ಅಂದರೆ ಪಾಸ್‌ಪೋರ್ಟ್ ಮನೆಯಲ್ಲೇ ಉಳಿದಿತ್ತು. ಭಾರತದಿಂದ ಬಂದವರಿಗೆ ಅಲ್ಲಿ ಅಸಲು ಪಾಸ್‌ಪೋರ್ಟ್ ಬೇಕು. ತಪ್ಪು ನನ್ನದೇ.

ಆಮೇಲೆ ಒಂದು ರಾತ್ರಿ ನಕ್ಷೆ ಹಿಡಿದು ಕೂತೆ. 1690ರ ದಶಕದಲ್ಲಿ ಗವರ್ನರ್ ಫ್ರಾನ್ಸಿಸ್ ನಿಕಲ್ಸನ್ ಹಾಕಿಸಿದ ವಿನ್ಯಾಸ ಇವತ್ತಿಗೂ ಹಾಗೇ ಇದೆ. ದಿಬ್ಬದ ಮೇಲೆ ಎರಡು ವೃತ್ತ, ಒಂದರಲ್ಲಿ ಸ್ಟೇಟ್ ಹೌಸ್, ಇನ್ನೊಂದರಲ್ಲಿ ಚರ್ಚ್. ಅಲ್ಲಿಂದ ಬೀದಿಗಳು ನೀರಿನ ಕಡೆ ಇಳಿಯುತ್ತವೆ. ಹಾಗಾದರೆ ನಾವೂ ಇಳಿಯಬೇಕು ತಾನೇ? ಕಾರು ಮೇಲೆ ಬಿಟ್ಟು ನಡೆಯುತ್ತಾ ಕೆಳಗೆ ಬರೋದು, ಸಂಜೆ ನಾನೊಬ್ಬನೇ ಹತ್ತಿ ಹೋಗಿ ಕಾರು ತರೋದು. ಇಷ್ಟೇ ಉಪಾಯ. ಇದು ಹೊಳೆಯಲು ನನಗೆ ಎರಡು ಟ್ರಿಪ್ ಬೇಕಾಯ್ತು. ಮೇಲೆ ಕಾರು ಎಲ್ಲಿ ಬಿಟ್ಟೆ ಅಂತ ಮಾತ್ರ ಬರೆಯಲ್ಲ, ಬರೆದರೆ ಮುಂದಿನ ಸಲ ನನಗೇ ಜಾಗ ಸಿಗಲ್ಲ.

ಇನ್ನೊಂದು ಕೆಲಸ ಮಾಡಿದೆ. ಹಿಂದಿನ ವಾರ ಪ್ರತಿ ಜಾಗದ ಬಗ್ಗೆ ಮೂರು ಮೂರು ನಿಮಿಷ ಕನ್ನಡದಲ್ಲಿ ಮಾತಾಡಿ ಅಪ್ಪನ ವಾಟ್ಸಾಪ್‌ಗೆ ಕಳಿಸಿದೆ. ಮೊದಲು ಹತ್ತು ನಿಮಿಷದ್ದು ಮಾಡಿದ್ದೆ, ಇಬ್ಬರೂ ಪೂರ್ತಿ ಕೇಳಲಿಲ್ಲ. ಮೂರು ನಿಮಿಷವೇ ಸರಿ.

ಸ್ಟೇಟ್ ಹೌಸ್‌ಗೆ ಟಿಕೆಟ್ ಇಲ್ಲ, ಗುರುತಿನ ಚೀಟಿ ತೋರಿಸಿದರೆ ಆಯ್ತು. 1772ರಲ್ಲಿ ಕಟ್ಟಲು ಶುರು ಮಾಡಿದ ಕಟ್ಟಡ, ಶಾಸನಸಭೆ ಇವತ್ತಿಗೂ ಅಲ್ಲೇ ಕೂರುತ್ತೆ. ಗುಮ್ಮಟ ಪೂರ್ತಿ ಮರದ್ದು. ಮೊಳೆ ಇಲ್ಲ, ಮರದ ಗೂಟ ಮತ್ತು ಕಬ್ಬಿಣದ ಪಟ್ಟಿ ಅದನ್ನು ಹಿಡಿದಿಟ್ಟಿವೆ. ಅಪ್ಪ ಸಾಗರದ ಕಡೆಯವರು. ನಮ್ಮ ಹಳೇ ಮನೆಯ ತೊಲೆ-ಜಂತಿಗಳನ್ನು ಮುಂದೆ ನಿಂತು ಬಿಚ್ಚಿಸಿ ಜೋಡಿಸಿದವರು. ಗುಮ್ಮಟದ ಕೆಳಗೆ ನಿಂತು ಕತ್ತೆತ್ತಿದರು. ಕೆಳಗಿನಿಂದ ಗೂಟ ಕಾಣಲ್ಲ, ಬರೀ ಬಿಳಿ ಗಾರೆ. ಆದರೂ ಬಲಗೈ ಹೆಬ್ಬೆರಳನ್ನು ಎಡಗೈ ಮುಷ್ಟಿಯೊಳಗೆ ತೂರಿಸಿ ಅಮ್ಮನಿಗೆ ತೋರಿಸಿದರು: "ಹೀಗೆ ಹೊಡೀತಾರೆ. ಮರ ಒಣಗಿರಬೇಕು, ಹಸಿ ಇದ್ರೆ ಆಮೇಲೆ ಸಡಿಲ ಆಗುತ್ತೆ." ಹತ್ತು ನಿಮಿಷ ಅಲ್ಲಿಂದ ಕದಲಲಿಲ್ಲ.

ಹಳೇ ಸೆನೆಟ್ ಕೋಣೆಯಲ್ಲಿ ವಾಷಿಂಗ್ಟನ್ನರ ಕಂಚಿನ ಪ್ರತಿಮೆ ಇದೆ. ಸ್ವಾತಂತ್ರ್ಯ ಯುದ್ಧ ಗೆದ್ದ ಮೇಲೆ 1783ರ ಡಿಸೆಂಬರ್ 23ರಂದು ಅವರು ಸೇನಾಪತಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದು ಇದೇ ಕೋಣೆಯಲ್ಲಿ. ಆಗ ದೇಶದ ಕಾಂಗ್ರೆಸ್ ಈ ಊರಲ್ಲೇ ಸೇರುತ್ತಿತ್ತು. "ಗೆದ್ದ ಮೇಲೂ ಬಿಟ್ಟುಕೊಟ್ನಾ?" ಅಂತ ಅಪ್ಪ ನನ್ನನ್ನು ಎರಡು ಸಲ ಕೇಳಿದರು.

ಅಲ್ಲಿಂದ ಇಳಿದು ವಿಲಿಯಂ ಪಾಕಾ ಮನೆ. ಪಾಕಾ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬರು. ಟಿಕೆಟ್ ಇದೆ, ಹಣ ದಂಡ ಅಲ್ಲ. ಅಮ್ಮನಿಗೆ ಹಿಡಿಸಿದ್ದು ಹಿಂದಿನ ತೋಟ. ಒಂದು ಕಾಲಕ್ಕೆ ಈ ತೋಟದ ಮೇಲೆ ಹೋಟೆಲ್ ಎದ್ದಿತ್ತು. 1960ರ ದಶಕದಲ್ಲಿ ಅದನ್ನು ಕೆಡವಿ, ನೆಲ ಅಗೆದು ಹಳೇ ಗೋಡೆಗಳ ಗುರುತು ಹುಡುಕಿದರು. ಪಾಕಾ ಅವರ ಒಂದು ಹಳೇ ಚಿತ್ರದ ಹಿನ್ನೆಲೆಯಲ್ಲಿ ಕಂಡ ತೋಟವನ್ನೂ ನೋಡಿಕೊಂಡು ಮತ್ತೆ ಬೆಳೆಸಿದರು. ಅಲ್ಲಿಂದ ಅಮ್ಮನನ್ನು ಎಬ್ಬಿಸುವುದೇ ಕಷ್ಟ ಆಯ್ತು.

ಡಾಕ್ ಹತ್ತಿರ ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚಿದೆವು. ಚಿತ್ರಾನ್ನ, ಮೊಸರನ್ನ, ಉಪ್ಪಿನಕಾಯಿ. ಎದುರಿಗೇ 'ರೂಟ್ಸ್' ಪುಸ್ತಕ ಬರೆದ ಲೇಖಕ ಅಲೆಕ್ಸ್ ಹೇಲಿ ಮೂರು ಮಕ್ಕಳಿಗೆ ಓದಿ ಹೇಳುವ ಕಂಚಿನ ಪ್ರತಿಮೆ. ತನ್ನ ಪೂರ್ವಜ ಕುಂಟಾ ಕಿಂಟೆಯನ್ನು 1767ರಲ್ಲಿ ಗುಲಾಮನಾಗಿ ಇಳಿಸಿದ್ದು ಇದೇ ಊರಲ್ಲಿ ಅಂತ ಹೇಲಿ ಬರೆದರು. ಅಮ್ಮ ಊಟ ಮುಗಿಸಿ ಹೋಗಿ ಒಂದು ಮಗುವಿನ ತಲೆ ಸವರಿ ಬಂದರು.

ಕೊನೆಗೆ ನೇವಲ್ ಅಕಾಡೆಮಿ, ಈ ಸಲ ಪಾಸ್‌ಪೋರ್ಟ್ ಸಮೇತ. ಅಲ್ಲಿನ ಚಾಪೆಲ್ (ಪ್ರಾರ್ಥನಾ ಮಂದಿರ) ಕೆಳಗೆ ಅಮೆರಿಕದ ಸ್ವಾತಂತ್ರ್ಯ ಯುದ್ಧದ ನೌಕಾ ನಾಯಕ ಜಾನ್ ಪಾಲ್ ಜೋನ್ಸ್ ಸಮಾಧಿ. 1792ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡವರ ದೇಹವನ್ನು 1905ರಲ್ಲಿ ಹುಡುಕಿ ಇಲ್ಲಿಗೆ ತಂದರು. ಅಲ್ಲಿ ತಂಪು ಜಾಸ್ತಿ, ಅಮ್ಮ ಶಾಲು ಹೊದ್ದುಕೊಂಡರು. ಇಡೀ ದಿನದ ಖರ್ಚು 70 ಡಾಲರ್ ದಾಟಲಿಲ್ಲ, ಐಸ್‌ಕ್ರೀಮ್ ಸೇರಿ.

ಇದೇ ರೀತಿ ಡೆಲವೇರ್‌ನ ಡೋವರ್‌ನಲ್ಲೂ ಮಾಡಿ ನೋಡಿದೆ. ಅಲ್ಲಿ ಇಳಿಜಾರೂ ಇಲ್ಲ, ಏರೂ ಇಲ್ಲ. ಹಳೆಯದೆಲ್ಲ ದಿ ಗ್ರೀನ್ ಅನ್ನೋ ಹುಲ್ಲಿನ ಮೈದಾನದ ಸುತ್ತಲೇ ಇದೆ. ಎರಡೇ ಗಂಟೆಗೆ ಮುಗೀತು.

ಯುಗಾದಿ ಊಟದಲ್ಲಿ ಎಲ್ಲರಿಗಿಂತ ಜೋರಾಗಿ ಬೇಡ ಅಂದಿದ್ದ ಗೆಳೆಯ ಕಳೆದ ತಿಂಗಳು ಅತ್ತೆ-ಮಾವನನ್ನು ಕರೆದುಕೊಂಡು ಹೋಗಿದ್ದ. ಸ್ಟೇಟ್ ಸರ್ಕಲ್ ಸುತ್ತುತ್ತಾ ಫೋನ್ ಮಾಡಿದ: "ಕಾರು ಎಲ್ಲಿ ಬಿಟ್ಟೆ ಮಾರಾಯ, ಹೇಳೋ." ಅವನಿಗೊಬ್ಬನಿಗೆ ಹೇಳಿದೆ.